ನನ್ನ ಬದಲಿಗೆ ಕೂತ ಅಕ್ಕಿ ಚೀಲ

ಪಕ್ಕದ ಮನೆಯವರು ಹೊಸ ಗೇಟು ಹಾಕಿಸುತ್ತಿದ್ದಾರೆ. ಬೆಳಗಿನಿಂದ ವೆಲ್ಡಿಂಗ್ ನಡೆದಿದೆ. ಕಾದ ಕಬ್ಬಿಣದ್ದು, ಸುಟ್ಟ ಬಣ್ಣದ್ದು ಕೂಡಿದ ಒಂದು ಚುರುಕು ವಾಸನೆ ಕಿಟಕಿಯಿಂದ ಒಳಗೆ ಬಂದು ನಮ್ಮ ಸಾರಿನ ಒಗ್ಗರಣೆಯನ್ನು ಹೊರಗೆ ಅಟ್ಟಿಬಿಟ್ಟಿದೆ. ನಿಮ್ಮ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಕಿಟಕಿ ಹಾಕಿದಳು. ಆಕೆ ಅಡುಗೆಮನೆಗೆ ಹೋಗುವುದನ್ನೇ ಕಾದಿದ್ದು ನಾನು ಮತ್ತೆ ತೆಗೆದೆ. ವೆಲ್ಡಿಂಗ್ ವಾಸನೆಗೆ ಮೂಗು ಅರಳಿಸುವ ಅಜ್ಜಿಯರು ಹೊಸಪೇಟೆಯಲ್ಲಿ ಎಷ್ಟು ಜನ ಇದ್ದಾರೋ ಕಾಣೆ. ನಾನಂತೂ ಒಬ್ಬಳು. ಅದಕ್ಕೆ ಕಾರಣವಿದೆ, ಮೊಮ್ಮಕ್ಕಳೇ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ಇಂದು ನಿನ್ನೆಯದಲ್ಲ. ಕಂಪ್ಲಿ ಕಡೆಯ ಮೆಟ್ರಿ ನನ್ನ ತವರು. ಅಲ್ಲಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ. ಮೇಷ್ಟ್ರು ಹೆಸರು ಕರೆದಾಗ ಎದ್ದು ನಿಂತು ಹಾಜರಿ ಹೇಳಲು ದನಿ ಏಳದೆ, ಎಷ್ಟೋ ದಿನ ಮೊದಲ ಸಾಲಿನಲ್ಲಿ ಕೂತಿದ್ದೂ ಗೈರುಹಾಜರಾಗಿದ್ದೇನೆ. ಯಾರಾದರೂ ಏನಾದರೂ ಬೇಕಾ ಎಂದು ಕೇಳಿದರೆ ನನ್ನ ಬಾಯಿಂದ ಮೊದಲು ಬರುವುದು 'ಬ್ಯಾಡ'. ಬೇಕೋ ಬೇಡವೋ ಎಂದು ಮನಸ್ಸು ಯೋಚಿಸುವಷ್ಟರಲ್ಲಿ ಬಾಯಿ ತನ್ನ ಕೆಲಸ ಮುಗಿಸಿರುತ್ತದೆ.

ಇಂಥವಳಿಗೆ ಸಿಕ್ಕ ಗಂಡ ಎಂಥವರು ಗೊತ್ತೇ? ನಿಮ್ಮಜ್ಜ ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದರು. ಕಾಲುವೆಯಲ್ಲಿ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಗೋಡೆಯ ಮೇಲಿನ ಅಳತೆ ಪಟ್ಟಿ ನೋಡಿ ಬರೆದುಕೊಂಡು ಬರುವ ಕೆಲಸ. ಪಟ್ಟಿ ತೋರಿಸಿದ್ದೇ ಸತ್ಯ. ನಿನ್ನ ಮನಸ್ಸಿನಲ್ಲಿ ಏನಿದೆಯಪ್ಪಾ ಎಂದು ನೀರನ್ನು ಯಾರೂ ಕೇಳುವುದಿಲ್ಲ. ನನ್ನ ವಿಷಯದಲ್ಲೂ ಅವರದು ಅದೇ ಪದ್ಧತಿ. ನಾನು ಬ್ಯಾಡ ಎಂದರೆ ಅದನ್ನು ಹಾಗೇ ಬರೆದುಕೊಂಡುಬಿಡುತ್ತಿದ್ದರು.

ಕಾಲುವೆ ದಂಡೆ ಮೇಲೆ ತಿರುಗಲು ಅವರ ಹತ್ತಿರ ಒಂದು ಪಟಪಟಿ ಇತ್ತು. ನೀವು ಬೈಕು ಎನ್ನುತ್ತೀರಿ. ನಮ್ಮ ಮದುವೆಗೂ ಮೊದಲೇ ಯಾರೋ ಓಡಿಸಿ ಬಿಟ್ಟದ್ದನ್ನು ತಂದಿದ್ದರು. ಅದಕ್ಕೆ ಇದ್ದದ್ದು ಒಂದೇ ಸೀಟು, ಕೆಳಗೆ ಸ್ಪ್ರಿಂಗು, ಹಿಂದೆ ಒಂದು ಕಬ್ಬಿಣದ ಕ್ಯಾರಿಯರ್ರು. ಮದುವೆಯಾದ ವರ್ಷ ಪಂಚಮಿ ಹಬ್ಬಕ್ಕೆ ತವರಿಗೆ ಹೊರಟಾಗ, ಆ ಕ್ಯಾರಿಯರಿಗೆ ಕೌದಿ ಮಡಚಿ ಕಟ್ಟಿ, "ಕುಂದ್ರತೀ ಏನು?" ಎಂದು ಕೇಳಿದರು. ಓಣಿಯ ಕಟ್ಟೆಯ ಮೇಲೆ ಹಿರಿಯರು ಸಾಲಾಗಿ ಕೂತಿದ್ದರು. "ಬ್ಯಾಡ್ರೀ, ಬಸ್ಸಿಗೆ ಬರ್ತೀನಿ" ಎಂದೆ. ಅವರು ಕೌದಿ ಬಿಚ್ಚಿ ಒಳಗಿಟ್ಟರು. ಆಯಿತು, ಅಲ್ಲಿಗೆ ಮುಗಿಯಿತು. ಆಮೇಲೆ ಇಪ್ಪತ್ತೈದು ವರ್ಷ ನಾನು ಬಸ್ಸಿನಲ್ಲಿ, ಅವರು ಬಸ್ಸಿನ ಪಕ್ಕದಲ್ಲಿ.

ಪಕ್ಕದಲ್ಲಿ ಎಂದರೆ ನಿಜವಾಗಿಯೂ ಪಕ್ಕದಲ್ಲಿ. ನಾನು ಕಿಟಕಿಯ ಹತ್ತಿರ ಕೂತರೆ, ಕೆಳಗೆ ಅವರು ಪಟಪಟಿಯ ಮೇಲೆ ಬಸ್ಸಿನ ವೇಗಕ್ಕೇ ಬರುತ್ತಿದ್ದರು. ಕಮಲಾಪುರದಲ್ಲಿ ಬಸ್ಸು ನಿಂತರೆ ಅವರೂ ನಿಲ್ಲುವರು. ಶೇಂಗಾದ ಪೊಟ್ಟಣ ಕಿಟಕಿಯಿಂದ ಕೊಡುವರು. ಒಬ್ಬ ಕಂಡಕ್ಟರು ಇದನ್ನು ನಾಲ್ಕೈದು ವರ್ಷ ನೋಡಿ ತಡೆಯಲಾರದೆ ಕೇಳಿಯೇಬಿಟ್ಟ: "ಅಕ್ಕಾರ, ಏನು ಮಂತ್ರಿಗಳೇನ್ರೀ ನೀವು? ಎಸ್ಕಾರ್ಟ್ ಇಟಗೊಂಡು ಓಡಾಡ್ತೀರಿ!" ಬಸ್ಸೆಲ್ಲ ನಕ್ಕಿತು. ನಾನು ಮೆಟ್ರಿ ಬರುವವರೆಗೆ ಸೆರಗಿನಿಂದ ಮುಖ ತೆಗೆಯಲಿಲ್ಲ.

ಅವರು ರಿಟೈರಾಗಿ ನಾವು ಹೊಸಪೇಟೆಯ ಈ ಮನೆಗೆ ಬಂದಾಗ ಗಣಿಯ ಕಾಲ ಶುರುವಾಗಿತ್ತು. ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಇರುವೆ ಸಾಲಿನ ಹಾಗೆ ಬರುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ನಿಮ್ಮಜ್ಜನಿಗೆ ಸನ್ಯಾಸಿಯ ಕಳೆ ಬಂದಿದೆ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಕಬ್ಬಿಣ ಎಂದರೆ ಜನ ಎದ್ದು ನಿಲ್ಲುವ ಕಾಲ ಅದು. ಗುಜರಿಯವನು ದಿನಕ್ಕೆರಡು ಸಲ ಓಣಿಗೆ ಬಂದು, ಹಿತ್ತಲಲ್ಲಿ ಮಳೆ ಬಿಸಿಲಿಗೆ ಸುಮ್ಮನೆ ನಿಂತಿದ್ದ ಗಾಡಿಯ ಕಡೆ ಇಣುಕಿ, "ಯಜಮಾನ್ರ, ಆ ಪಟಪಟಿ ಕೊಡ್ತೀರೇನು?" ಎಂದು ಕೇಳುತ್ತಿದ್ದ.

ಒಂದು ದಿನ ಸಿಟ್ಟು ಬಂದು ನಿಮ್ಮಜ್ಜ, "ಇದು ಗುಜರಿ ಅಲ್ಲೋ ಮಾರಾಯ, ನೋಡು ಇಲ್ಲೆ" ಎಂದು ಅದರ ಮೇಲೆ ಹತ್ತಿ ಕೂತರು. ಕರಕ್ ಎಂದಿತು. ಹಿಂದಿನ ಪೈಪು ತುಕ್ಕು ತಿಂದು ಹಪ್ಪಳವಾಗಿತ್ತು. ಸೀಟಿನ ಸಮೇತ ನೆಲಕ್ಕೆ ಬಂದರು. ಪೆಟ್ಟಾಗಲಿಲ್ಲ, ಬಿದ್ದವರು ಮೊದಲು ನೋಡಿದ್ದು ನಾನು ನೋಡಿದೆನೇ ಎಂದು. ನಾನು ತುಳಸಿಗೆ ನೀರು ಹಾಕುತ್ತಿದ್ದೆ. ಬಿಂದಿಗೆ ಖಾಲಿಯಾಗಿದ್ದರೂ ಹಾಕುತ್ತಲೇ ಇದ್ದೆ.

ಗಾಡಿಯ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಹೇಳುತ್ತೇನೆ. ಪಟಪಟಿಗೆ ಮುಂದಿನ ಎಲುಬು ಬೇರೆ, ಹಿಂದಿನ ಎಲುಬು ಬೇರೆ. ಎಂಜಿನ್ನು, ಟ್ಯಾಂಕು ಹೊರುವುದು ಮುಂದಿನದು. ಸೀಟು, ಮಡ್‌ಗಾರ್ಡು, ಕೂತವರ ಭಾರ ಹೊರುವುದು ಹಿಂದಿನ ಚೌಕಟ್ಟು. ಅಷ್ಟು ಹಳೆಯ ಗಾಡಿಗೆ ಅದು ಎಲ್ಲಿಯೂ ಸಿಗಲಿಲ್ಲ.

"ಹೊಸದು ಕಟ್ಟಿಸ್ತೀನಿ," ಎಂದರು ಊಟಕ್ಕೆ ಕೂತಾಗ. "ಹಳೇದಕಿಂತ ಒಂಚೂರು ಉದ್ದ."

"ಉದ್ದ ಯಾಕ್ರೀ?"

"ಎಲ್ಡು ಸೀಟು ಹಿಡೀಬೇಕಲ್ಲ."

"ಇನ್ನೊಂದರಾಗ ಯಾರು ಕುಂದ್ರತಾರ?"

"ಯಾರರ ಕುಂದ್ರಲಿ ಬಿಡು." ಇದನ್ನು ಅವರು ನನಗೆ ಹೇಳಲಿಲ್ಲ, ರೊಟ್ಟಿಗೆ ಹೇಳಿದರು.

ಅದೇ ವಾರ ನನ್ನ ಅವ್ವ ಮೆಟ್ರಿಯಿಂದ ಫೋನು ಮಾಡಿಸಿದಳು. ಎಂಬತ್ತು ದಾಟಿದ್ದರೂ ಅವಳ ಮಾತು ಮಾತ್ರ ಮೊಂಡಾಗಿರಲಿಲ್ಲ. "ಪಂಚಮಿಗೆ ಬಾ. ಬಂದ್ರ ಇಬ್ರೂ ಒಂದೇ ಗಾಡಿ ಮ್ಯಾಲೆ ಬರ್ರಿ. ಬಸ್ಸಿನ ಬೆನ್ನು ಹತ್ತಿ ಬರೋ ಅಳಿಯನ್ನ ನೋಡಿ ನೋಡಿ ಊರಾಗ ನಗತಾರ. ನನ್ನ ಕಣ್ಣಿಗೆ ಪೊರೆ ಬರಾಕ ಹತ್ತೈತಿ. ಪೂರಾ ಮುಚ್ಚೂದರೊಳಗ ನೀನು ಗಂಡನ ಹಿಂದ ಕುಂತು ಬರೋದು ಒಂದ್ಸಲ ನೋಡ್ತೀನಿ."

"ಈ ವಯಸ್ಸಿನಾಗ ಬ್ಯಾಡ ಬಿಡವ್ವಾ," ಎಂದೆ.

ನಿಮಗೆ ಈಗ ನಿಜ ಹೇಳುತ್ತೇನೆ. ಆ ಇಪ್ಪತ್ತೈದು ವರ್ಷವೂ ಬಸ್ಸಿನ ಕಿಟಕಿಯಿಂದ ನಾನು ನೋಡುತ್ತಿದ್ದದ್ದು ಆ ಖಾಲಿ ಕ್ಯಾರಿಯರನ್ನೇ.

ಚೌಕಟ್ಟು ಕಟ್ಟಲು ಒಪ್ಪಿದವನು ಮಾಬುಸಾಬ. ನಿಮ್ಮಜ್ಜನ ಹಳೆಯ ಗೆಳೆಯ. ಕಾಲುವೆ ಗೇಟುಗಳಿಗೆ ಬೆಸುಗೆ ಹಾಕುತ್ತಿದ್ದವನು ಆಗ ಸಂಡೂರು ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ. ಅವನ ಅಂಗಡಿ ಮುಂದೆ ಬೆಸುಗೆಗೆ ಬಂದ ಟಿಪ್ಪರುಗಳು ಸಾಲು ನಿಂತಿರುತ್ತಿದ್ದವು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದವನು ಪಟಪಟಿ ನೋಡಿದ ಕೂಡಲೇ ಕಣ್ಣು ಅರಳಿಸಿ, "ದಿನಾ ಟಿಪ್ಪರಿನ ಅಂಡು ಬೆಸದು ಬೆಸದು ಕೈ ಕೆಟ್ಟು ಹೋಗ್ಯಾವ ಅಣ್ಣಾರ, ಇದನ್ನ ಬಿಟ್ಟು ಹೋಗ್ರಿ" ಎಂದನಂತೆ. ಮಧ್ಯಾಹ್ನ ಡ್ರೈವರುಗಳು ಉಂಡು ಲಾರಿ ಕೆಳಗೆ ಮಲಗುವ ಹೊತ್ತೇ ಅವನಿಗೆ ಇದಕ್ಕೆ ಸಿಗುವ ಬಿಡುವು.

ಪೈಪನ್ನು ಸುಮ್ಮನೆ ಬಗ್ಗಿಸಿದರೆ ಬಗ್ಗಿದ ಕಡೆ ಚಪ್ಪಟೆಯಾಗುತ್ತದಂತೆ. ಒಳಗೆ ಮರಳು ಗಿಡಿದು, ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಬಡಿದು, ಕೆಂಪಗೆ ಕಾಯಿಸಿ ಬಗ್ಗಿಸಬೇಕು. ನಿಮ್ಮಜ್ಜ ಕಾಲುವೆ ದಂಡೆಯಿಂದ ಮರಳು ತಂದುಕೊಟ್ಟರು. ನೋಡಲು ಒಣಗಿದ ಹಾಗಿತ್ತು, ಒಳಗೆ ಪಸೆ ಉಳಿದಿತ್ತು. ಕಾಯಿಸಿದಾಗ ಉಗಿ ಕಟ್ಟಿ, ಬೆಣೆ ಢಂ ಎಂದು ಹಾರಿ ಎದುರಿನ ಲಾರಿಯ ತಗಡಿಗೆ ಬಡಿಯಿತು. ಕೆಳಗೆ ಮಲಗಿದ್ದ ಡ್ರೈವರು ಟೈರು ಸಿಡಿಯಿತೆಂದು ಎದ್ದು, ಲುಂಗಿ ಅಲ್ಲೇ ಬಿಟ್ಟು ಓಡಿದನಂತೆ. ಮನೆಗೆ ಬಂದು ಇದನ್ನು ಹೇಳುತ್ತಾ ನಿಮ್ಮಜ್ಜ ನಗಲಿಲ್ಲ. ಎರಡು ದಿನ ಬಿಸಿಲಿಗೆ ಹಾಕಿದರೂ ಪಸೆ ಹೋಗಿಲ್ಲ, ಮೋಡ ಬೇರೆ ಕವಿದಿದೆ ಎಂದು ತಲೆ ಮೇಲೆ ಕೈಹೊತ್ತು ಕೂತರು.

ನನಗೆ ನಗು ಬಂತು. ನಮ್ಮ ಕಡೆ ಪಂಚಮಿಗೆ ಜೋಳದ ಅಳ್ಳು ಹುರಿಯುವುದು ಕಾದ ಮರಳಿನಲ್ಲಿ. ಮರಳಿನಲ್ಲಿ ಚೂರು ಪಸೆ ಇದ್ದರೂ ಜೋಳ ಅರಳುವುದಿಲ್ಲ, ಕಮರುತ್ತದೆ. ಅವ್ವನ ಪಕ್ಕ ಕೂತು ಅದನ್ನು ಕಲಿತವಳು ನಾನು.

"ಆ ಮರಳು ಇಲ್ಲಿ ತರ್ರಿ," ಎಂದೆ. ಅವರ ಗಾಡಿಯ ವಿಷಯದಲ್ಲಿ ನಾನು ಬಾಯಿ ಹಾಕಿದ್ದು ಅದೇ ಮೊದಲು.

ದೊಡ್ಡ ಬಾಣಲೆಯಲ್ಲಿ ಮರಳು ಹಾಕಿ, ಕೈಯಾಡಿಸುತ್ತಾ ಹುರಿದೆ. ಹಬೆಯಾಡುವುದು ನಿಂತು, ಮರಳು ನೀರಿನ ಹಾಗೆ ಹರಿಯತೊಡಗಿದಾಗ ಒಂದು ಹಿಡಿ ಜೋಳ ಚೆಲ್ಲಿದೆ. ಚಟಚಟ ಅರಳಿ ಬಿಳಿಯ ಹೂವಾಯಿತು. "ಆತು, ಒಯ್ರಿ," ಎಂದೆ. ನಿಮ್ಮಜ್ಜ ಅಳತೆ ಪಟ್ಟಿ ನೋಡುವಷ್ಟೇ ಗೌರವದಿಂದ ಬಾಣಲೆಯನ್ನು ನೋಡಿದರು. ಸಂಜೆ ಮಾಬುಸಾಬ ಹೇಳಿಕಳಿಸಿದ: "ಅಮ್ಮಾರ ಮರಳು ಮಸ್ತ್ ಐತಿ. ಪೈಪು ಬೆಣ್ಣಿಯಂಗ ಬಗ್ಗಿತು. ಅಳ್ಳು ಮಾತ್ರ ಇನ್ನೊಂದಿಷ್ಟು ಇರಬೇಕಿತ್ತು."

ಎರಡು ಪೈಪು ಬಗ್ಗಿದವು, ಅಡ್ಡಪಟ್ಟಿ ಕೂಡಿತು, ಚೌಕಟ್ಟು ನಿಂತಿತು. ಆಮೇಲೆ ಬಂತು ನನ್ನ ಸರದಿ. ನಿಮ್ಮಜ್ಜ ಸೀಟು ಆದಷ್ಟು ತಗ್ಗಾಗಿರಲಿ ಎಂದಿದ್ದರಂತೆ. ಯಾರು ಕೂರುತ್ತಾರೆಂದು ಹೇಳಲಿಲ್ಲ, ಆದರೆ ಕುಳ್ಳಗಿದ್ದಾರೆ ಎಂದರಂತೆ! ತಗ್ಗು ಮಾಡಿದರೂ ಭಾರ ಬಿದ್ದಾಗ ಟೈರು ಮಡ್‌ಗಾರ್ಡಿಗೆ ತಾಗಬಾರದು. ಅದಕ್ಕೆ ಕೂರುವವರನ್ನೇ ಕೂರಿಸಿ, ನಡುವೆ ಒಂದು ಬೆರಳು ಸಂದಿ ಬಿಟ್ಟು ಬೆಸೆಯಬೇಕು. "ಅಮ್ಮಾರನ್ನ ಕರಕೊಂಡು ಬರ್ರಿ" ಎಂದ ಮಾಬುಸಾಬ.

ಸಂಡೂರು ರಸ್ತೆಯಲ್ಲಿ, ಅಷ್ಟು ಡ್ರೈವರುಗಳ ಮುಂದೆ, ಅಸ್ಥಿಪಂಜರದಂಥ ಗಾಡಿ ಹತ್ತಿ ಕೂರುವುದೇ? "ಬ್ಯಾಡ್ರೀ ಬ್ಯಾಡ," ಎಂದೆ. ಎರಡು ಸಲ ಎಂದದ್ದರಿಂದ ಅವರು ಇನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಂಡಿರಬೇಕು.

ಮರುದಿನ ಪಡಸಾಲೆಯಲ್ಲಿ ಒಂದು ಅಕ್ಕಿ ಚೀಲ ನಿಂತಿತ್ತು. ನನಗೆ ಬಿ.ಪಿ. ನೋಡಿದ ಡಾಕ್ಟರ ಚೀಟಿಯನ್ನು ಹುಡುಕಿ ತೆಗೆದು, ಅದರಲ್ಲಿ ಬರೆದಿದ್ದ ತೂಕ ನೋಡಿಕೊಂಡು, ಅಂಗಡಿಯ ತಕ್ಕಡಿಯಲ್ಲಿ ಅಷ್ಟನ್ನೇ ತೂಗಿಸಿ ತುಂಬಿಸಿಕೊಂಡು ಬಂದಿದ್ದರು. ಸಾಲದ್ದಕ್ಕೆ ಚೀಲದ ಹೊಟ್ಟೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ಅರವತ್ತನಾಲ್ಕು ಎಂದು ಬರೆದಿದ್ದರು. ಅವರು ಆಟೋ ಕರೆಯಲು ಹೋದರು. ನಾನು, ಚೀಲ ಇಬ್ಬರೇ ಉಳಿದೆವು.

ಎಂಥ ಚೀಲ ಅಂತೀರಿ! ಗಿಡ್ಡಗೆ, ಗುಂಡಗೆ, ನಡುವೇ ಇಲ್ಲದ್ದು. ಮಾಬುಸಾಬ, ಡ್ರೈವರುಗಳು, ಎಲ್ಲರೂ ಇದನ್ನು ನೋಡಿ ನಾನು ಎಂದುಕೊಳ್ಳುತ್ತಾರೆ. ದಬ್ಬಣ ತಂದು ಚೀಲದ ಬಾಯಿ ಬಿಚ್ಚಿದೆ. ಎರಡೇ ಎರಡು ಸೇರು ತೆಗೆಯೋಣ ಎಂದುಕೊಂಡೆ. ತೆಗೆದರೂ ಚೀಲ ಹಾಗೇ ಕಂಡಿತು. ಇನ್ನೆರಡು ತೆಗೆದೆ. ಈಗ ಒಂಚೂರು ಲಕ್ಷಣವಾಗಿದೆ ಅನ್ನಿಸಿತು. ಆಸೆಗೆ ಮಿತಿ ಎಲ್ಲಿದೆ? ಅಡುಗೆಮನೆಯ ತಗಡಿನ ಡಬ್ಬಿ ತುಂಬಿದ ಮೇಲೇ ಕೈ ನಿಂತದ್ದು. ಬಾಯಿ ಹೊಲಿದು, ಇದ್ದಿಲಿನ ಅಂಕಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅವರು ಬಂದವರೇ ಚೀಲವನ್ನು ಆಟೋದವನಿಂದ ಹೊರಿಸಿಕೊಂಡು ಹೋದರು. ಪಕ್ಕದಲ್ಲಿ ಕೂರಿಸಿಕೊಂಡು, ಬೀಳದ ಹಾಗೆ ಅದರ ಹೆಗಲ ಮೇಲೆ ಕೈ ಹಾಕಿಕೊಂಡರು. ಓಣಿಯಲ್ಲಿ ನನ್ನ ಹೆಗಲ ಮೇಲೆ ಅವರು ಒಮ್ಮೆಯೂ ಕೈ ಹಾಕಿದವರಲ್ಲ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ರೊಟ್ಟಿ ಬಂದ್. ಚಿತ್ರಾನ್ನ, ಹುಳಿಯನ್ನ, ಮೊಸರನ್ನ. ಡಬ್ಬಿ ಖಾಲಿಯಾಗಬೇಕಿತ್ತಲ್ಲ.

"ಏನಿದು, ದಿನಾ ಮದುವಿ ಮನಿ ಆಗೈತಿ?"

"ಜೋಳದ ಹಿಟ್ಟು ಮುಗದೈತ್ರೀ."

ಪಂಚಮಿಗೆ ಮೂರು ದಿನ ಇದ್ದಾಗ ಪಟಪಟಿ ಮನೆಗೆ ಬಂತು. ಕಪ್ಪು ಬಣ್ಣ ಬಳಿದ ಹೊಸ ಚೌಕಟ್ಟು, ಅದರ ಮೇಲೆ ಒಂದರ ಹಿಂದೊಂದು ಎರಡು ಸೀಟು. ಹಿತ್ತಲ ಬಾಗಿಲು ಹಾಕಿದ ಮೇಲೆ, "ಸುಮ್ನ ಒಂದ್ಸಲ ಕುಂತು ನೋಡು, ಯಾರಿಲ್ಲ" ಎಂದರು. ಒಂದು ಕಡೆ ಕಾಲು ಹಾಕಿ ಕೂತೆ. ಅವರು ಮುಂದೆ ಕೂತು ಎರಡು ಮಾರು ಓಡಿಸಿದರು. ಕರ್ರ್ ಕರ್ರ್ ಎಂದು ಟೈರು ಮಡ್‌ಗಾರ್ಡಿಗೆ ಉಜ್ಜಿ, ಸುಟ್ಟ ರಬ್ಬರಿನ ವಾಸನೆ ಎದ್ದಿತು.

ಅವರು ಟೇಪು ತಂದು ಅಳೆದರು, ಮತ್ತೆ ಅಳೆದರು, ಮುಖ ಕಪ್ಪಾಯಿತು. ಗಾಡಿ ತಳ್ಳಿಕೊಂಡು ಸಂಡೂರು ರಸ್ತೆಗೆ ಹೋದರು. ತಿರುಗಿ ಬಂದಾಗ ಗಾಡಿ ಜೊತೆಗೇ ಇತ್ತು, ಮುಖ ಇನ್ನೂ ಕಪ್ಪಾಗಿತ್ತು. ಅಲ್ಲಿ ಮಾತಿಗೆ ಮಾತು ಬೆಳೆದಿತ್ತು. "ನನ್ನ ಅಳತಿ ಕೂದಲೆಳಿಯಷ್ಟೂ ತಪ್ಪಂಗಿಲ್ಲ" ಎಂದಿದ್ದರು ಇವರು. "ಹಂಗಂದ್ರ ನನ್ನ ಕೈ ತಪ್ಪೈತಿ ಅಂತೀರಾ ಅಣ್ಣಾರ? ಇಷ್ಟು ವರ್ಷ ಆದ ಮ್ಯಾಲೆ?" ಎಂದು ಅವನು ಕಣ್ಣಿನ ಕಪ್ಪು ಕನ್ನಡಕ ಕಿತ್ತು ಒಗೆದಿದ್ದ.

"ಹೋಗ್ಲಿ ಬಿಡು," ಎಂದು ಇವರು ಕಟ್ಟೆಯ ಮೇಲೆ ಕೂತರು. "ನೀನು ಹೆಂಗೂ ಬ್ಯಾಡ ಅಂದಿದ್ದಿ. ನಾಳೆ ಗುಜರಿಯವ ಬಂದ್ರ ಒಯ್ ಅಂತೀನಿ."

ಸುಮ್ಮನಿದ್ದರೆ ಗಾಡಿ ಹೋಗುತ್ತಿತ್ತು, ಗೆಳೆತನ ಹೋಗುತ್ತಿತ್ತು, ಅವ್ವನ ಕಣ್ಣು ಯಾರಿಗೂ ಕಾಯುತ್ತಿರಲಿಲ್ಲ. ಆದರೆ ನನ್ನ ಮಾನ ಉಳಿಯುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದೆ:

"ಮಾಬುಸಾಬನ ತಪ್ಪಲ್ರೀ."

"ಮತ್ತ ನಂದಾ?"

"ಅಕ್ಕಿದು."

"ಯಾವ ಅಕ್ಕಿ?"

"ಚೀಲದ್ದು. ತಕ್ಕೊಂಡೀನಿ."

ಬೇರೆ ಗಂಡಸಾಗಿದ್ದರೆ ಯಾಕೆ ಎಂದು ಕೇಳುತ್ತಿದ್ದ. ನಿಮ್ಮಜ್ಜ ಕೇಳಿದ್ದು, "ಎಷ್ಟು?"

ಡಬ್ಬಿ ತೋರಿಸಿದೆ. ಅವರು ಮುಚ್ಚಳ ತೆಗೆದು ನೋಡಿ, ಬೆರಳು ಮಡಚುತ್ತಾ, "ಚಿತ್ರಾನ್ನ ಎಲ್ಡು ಸಲ, ಹುಳಿಯನ್ನ ಮೂರು ಸಲ..." ಎಂದು ಲೆಕ್ಕ ಹಾಕತೊಡಗಿದವರು ತಟ್ಟನೆ ನಿಂತರು. ನಗು ಅವರಿಗೆ ಸಣ್ಣಗೆ ಶುರುವಾಗಿ, ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುವಷ್ಟಾಯಿತು. ನಕ್ಕು ಮುಗಿದ ಮೇಲೆ ನನ್ನ ಕಡೆ ನೋಡಿದರು.

"ನಿನಗ ಬರಬೇಕಂತ ಐತೇನು?"

"ಐತಿ."

"ಯಾವಾಗಿಂದ?"

"ಆ ಕೌದಿ ಕಟ್ಟಿದ್ರಲ್ಲ, ಆವಾಗಿಂದ."

"ಮತ್ತ ಬ್ಯಾಡ ಅಂದಿದ್ದೆಲ್ಲ?"

"ನೀವು ಇನ್ನೊಂದು ಸಲ ಕೇಳಲಿಲ್ಲ."

ಅವರು ಎದ್ದರು. ಒಳಗೆ ಹೋಗಿ ನನ್ನ ಚಪ್ಪಲಿ ತಂದು ಮೆಟ್ಟಿಲ ಮುಂದೆ ಜೋಡಿಸಿ ಇಟ್ಟರು.

ಸಂಡೂರು ರಸ್ತೆಗೆ ಹೋದಾಗ ಮಧ್ಯಾಹ್ನ. ಮಾಬುಸಾಬ ನಮ್ಮನ್ನು ನೋಡಿ ಮುಖ ತಿರುಗಿಸಿದ. ಗಟ್ಟಿಯಾಗಿ ಹೇಳದಿದ್ದರೆ ಧೈರ್ಯ ಹೋಗುತ್ತದೆಂದು ನಾನು ನಿಂತಲ್ಲಿಂದಲೇ ಹೇಳಿಬಿಟ್ಟೆ: "ಚೀಲದಾಗಿನ ಅಕ್ಕಿ ನಾನು ತಗದಿದ್ದೆ ಸಾಹೇಬ್ರ. ನಾನು ಅಷ್ಟು ದಪ್ಪ ಅದೀನಿ ಅಂತ ನಿಮಗ ಗೊತ್ತಾಗಬಾರದು ಅಂತ." ಲಾರಿಯ ಕೆಳಗಿನಿಂದ ಒಬ್ಬ ಡ್ರೈವರು ಕಿಸಕ್ ಎಂದ. ಮಾಬುಸಾಬ ಅವನ ಕಡೆ ಸುತ್ತಿಗೆ ತೋರಿಸಿ ಗದರಿಸಿದ. "ಏ, ಆ ಕಡಿ ತಿರುಗಿ ಮಕ್ಕೊಳ್ರಲೇ ಎಲ್ರೂ!" ಆಮೇಲೆ ಒಂದು ತಾಡಪತ್ರಿಯನ್ನು ಎರಡು ಟಿಪ್ಪರುಗಳ ನಡುವೆ ಪರದೆಯ ಹಾಗೆ ಕಟ್ಟಿದ. ತನ್ನ ನಗುವನ್ನು ಅದರ ಹಿಂದೆ ಮುಗಿಸಿಕೊಂಡು ಬಂದ.

ಕೂತೆ. ಅವನು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಸಂದಿ ನೋಡಿ, ತಲೆಯಾಡಿಸಿದ.

"ಅಮ್ಮಾ, ಉಸುರು ಬಿಗಿ ಹಿಡೀಬ್ಯಾಡ್ರಿ. ಹಗುರ ಆಗಾಕ ಹೋಗಬ್ಯಾಡ್ರಿ. ಮನಿ ಕಟ್ಟಿ ಮ್ಯಾಲೆ ಕುಂತಂಗ ಪೂರಾ ಕುಂದ್ರಿ."

ನಾನು ಉಸಿರು ಹಿಡಿದದ್ದು ನನಗೇ ಗೊತ್ತಿರಲಿಲ್ಲ. ಬಿಟ್ಟೆ. ಸ್ಪ್ರಿಂಗು ಮೆಲ್ಲಗೆ ಇಳಿಯಿತು. ಯಾವ ಚೀಲದ ಮರೆಯೂ ಇಲ್ಲದೆ, ಇದ್ದಷ್ಟೂ ಭಾರವನ್ನು ಇಟ್ಟು ಕೂತದ್ದು ಆ ದಿನ. "ಈಗ ಬಂತು ನೋಡ್ರಿ ಖರೇ ಅಳತಿ," ಎಂದು ಅವನು ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಬೆಸುಗೆ ಬಿಡಿಸಿ, ಚೌಕಟ್ಟನ್ನು ಎರಡು ಬೆರಳು ಎತ್ತರಿಸಿ ಮತ್ತೆ ಬೆಸೆದ. ನನ್ನ ಕಾಲು ಎಲ್ಲಿಗೆ ಬರುತ್ತದೋ ಅಲ್ಲಿಗೆ ಒಂದು ಕಬ್ಬಿಣದ ಮೆಟ್ಟಿಲನ್ನೂ ಕೂಡಿಸಿದ. ತಾಡಪತ್ರಿಯ ಈಚೆ ಕುರ್ಚಿಯ ಮೇಲೆ ಕೂತು ಬೆಸುಗೆಯ ಆ ವಾಸನೆಯನ್ನು ನಾನು ಹೊಟ್ಟೆತುಂಬ ಉಂಡೆ.

ಪಂಚಮಿಯ ದಿನ ಓಣಿಯವರು ಕೂತಿದ್ದ ಕಟ್ಟೆಯ ಮುಂದೆಯೇ ಹತ್ತಿದೆ. ಯಾರು ನೋಡಿದರೋ ಗೊತ್ತಿಲ್ಲ, ನಾನು ನೋಡಿದ್ದು ಅವರ ಅಂಗಿಯ ಬೆನ್ನನ್ನು ಮಾತ್ರ. ಕಮಲಾಪುರ ದಾಟಿದ ಮೇಲೆ ತಲೆ ಎತ್ತಿದೆ. ಬಾಳೆತೋಟ, ಕಬ್ಬು, ಕಾಲುವೆ ಎಲ್ಲ ಹಳೆಯವೇ, ಆದರೆ ಕಿಟಕಿಯ ಕಂಬಿ ಇಲ್ಲದೆ ಅವು ಅಷ್ಟು ಅಗಲವಾಗಿವೆ ಎಂದು ನನಗೆ ತಿಳಿದಿರಲಿಲ್ಲ. ಮೆಟ್ರಿಯಲ್ಲಿ ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನಾನು ಎರಡು ಬೆರಳಲ್ಲಿ ಅವರ ಅಂಗಿಯ ತುದಿ ಹಿಡಿದಿದ್ದೆ.

"ಏನದು, ಹಲ್ಲಿ ಬಾಲ ಹಿಡಿದಂಗ ಹಿಡಕೊಂಡಿ?" ಎಂದಳು, ಓಣಿಯೆಲ್ಲ ಕೇಳುವ ಹಾಗೆ. "ನಿನ್ನ ಗಂಡ ಅದಾನ, ಗಟ್ಟಿ ಹಿಡಕೋ!"

ತಿರುಗಿ ಬರುವಾಗ ಗಟ್ಟಿಯಾಗಿಯೇ ಹಿಡಿದುಕೊಂಡೆ.

ಅವ್ವ ಇನ್ನೆರಡು ಪಂಚಮಿಗೆ ಇದ್ದಳು. ನಿಮ್ಮಜ್ಜ ಆಕೆಯ ನಂತರವೂ ಇನ್ನಷ್ಟು ವರ್ಷ ಇದ್ದರು. ಆ ವರ್ಷಗಳಲ್ಲಿ ಸಂಡೂರಿನ ಗುಡ್ಡ ನೋಡಿದೆ, ಹಂಪಿಯ ಬಜಾರಿನಲ್ಲಿ ಇಬ್ಬರೂ ಎಳನೀರು ಕುಡಿದೆವು. ಒಂದು ಸಲ ಸುಮ್ಮನೆ, ಏನೂ ಕೆಲಸವಿಲ್ಲದೆ, ಗಾದಿಗನೂರಿನವರೆಗೆ ಹೋಗಿ ಬಂದೆವು. ಕೆಲಸವಿಲ್ಲದೆ ಹೋಗುವುದು ಎಷ್ಟು ಚೆನ್ನ ಎಂದು ಆಗ ಗೊತ್ತಾಯಿತು. ಒಂದು ಮಾತು ಮಾತ್ರ ಹೇಳಬೇಕು. ಆಮೇಲೆ ಅವರು ಏನೇ ಆಗಲಿ ನನ್ನನ್ನು ಎರಡು ಸಲ ಕೇಳುತ್ತಿದ್ದರು. ಚಹಾ ಬೇಕಾ ಎಂದು ಕೂಡ. ಕೇಳುವವರು ಹೋದ ಮೇಲೆ ನಾನು ಮತ್ತೆ ಹಳೆಯ ನಾನೇ ಆಗಿದ್ದೆ ಎಂದು, ಇದನ್ನು ಬರೆಯುತ್ತಾ ಬರೆಯುತ್ತಾ ಈಗ ಅನ್ನಿಸುತ್ತಿದೆ. ನೀವು ಪಾಪ, ಒಂದೇ ಸಲ ಕೇಳುವ ಮಕ್ಕಳು. ತಪ್ಪು ನಿಮ್ಮದಲ್ಲ.

ಈಗಷ್ಟೇ ನಿಮ್ಮಲ್ಲಿ ದೊಡ್ಡವಳು ಸ್ಕೂಟರಿನ ಕೀಲಿ ಹುಡುಕುತ್ತಾ ಬಂದು, "ಅಜ್ಜಿ, ಡ್ಯಾಮಿಗೆ ನೀರು ತುಂಬೈತಂತ, ನೋಡಿ ಬರ್ತೀನಿ. ನೀ ಬರ್ತೀಯೇನು? ಬ್ಯಾಡಲ್ಲ?" ಎಂದಳು. ಪ್ರಶ್ನೆ, ಉತ್ತರ ಎರಡೂ ತಾನೇ ಹೇಳಿ ಮೆಟ್ಟಿಲು ಇಳಿದಳು.

"ನಿಲ್ಲು," ಎಂದೆ.

ಆಕೆ ನಿಂತಿದ್ದಾಳೆ. ಇನ್ನೊಂದು ಹೆಲ್ಮೆಟ್ಟು ತಂದುಕೊಟ್ಟಿದ್ದಾಳೆ, ಅದು ನನ್ನ ತುರುಬಿಗೆ ಅಡ್ಡ ಬರುತ್ತಿದೆ. ಬಿಚ್ಚಿ ಜಡೆ ಹಾಕಿಕೊಳ್ಳುವವರೆಗೆ ಕಾಯಲು ಹೇಳಿದ್ದೇನೆ.